ಪುಕ್ಕಟೆ ಪೂರಿ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಕಂಡಕ್ಟರ್. ಹೊಸನಗರ ದಾಟಿದ ಮೇಲೆ ಬಸ್ಸು ತಿಂಡಿಗೆಂದು ಒಂದು ಹೋಟೆಲಿನ ಮುಂದೆ ನಿಲ್ಲುತ್ತದೆ. ಸುತ್ತ ಬೇರೆ ಅಂಗಡಿಯಿಲ್ಲ. ಜನರನ್ನು ತಂದು ಇಳಿಸುತ್ತೇವೆಂದು ಡ್ರೈವರಿಗೂ ನನಗೂ ಅಲ್ಲಿ ಎಲ್ಲ ಪುಕ್ಕಟೆ. ಅಡುಗೆಮನೆಯ ಬಾಗಿಲ ಪಕ್ಕದ ಟೇಬಲ್ಲಿಗೆ ನಾವು ಕೂರುವ ಮೊದಲೇ ಪೂರಿ ಬಂದಿರುತ್ತಿತ್ತು, ಜೊತೆಗೆ ಬೋಂಡ. ಸಂಜೆ ವಾಪಸು ಬರುವಾಗ ಬಜ್ಜಿ.

ನನ್ನಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಗಾಯ ಮಾಯದೆ ಬಲಪಾದ ತೆಗೆದರು. ಆಮೇಲೆ ಅವರ ಲೋಕ ಮಂಚದಿಂದ ಬಾಗಿಲವರೆಗೆ. ಆ ಹೆದರಿಕೆಗೆ ನಾನು ಮದುವೆಗೆ ಮೊದಲೇ ಚಹಾಕ್ಕೆ ಸಕ್ಕರೆ ಬಿಟ್ಟಿದ್ದೆ, ಹೋಳಿಗೆ ಮುಟ್ಟುತ್ತಿರಲಿಲ್ಲ. ಇಷ್ಟು ಮಾಡಿದವನ ತಂಟೆಗೆ ಕಾಯಿಲೆ ಬಾರದು ಎಂದುಕೊಂಡಿದ್ದೆ.

ಕಳೆದ ವರ್ಷ ಸಾಗರದ ಡಾಕ್ಟರಮ್ಮ ನನ್ನ ರಕ್ತದ ರಿಪೋರ್ಟ್ ನೋಡಿ, "ಇನ್ನೂ ಬಂದಿಲ್ಲ. ಆದ್ರೆ ಹತ್ರ ಬಂದಿದೆ," ಎಂದರು.

"ನಾನು ಸಿಹಿ ಬಾಯಿಗೇ ಹಾಕಲ್ಲ ಮೇಡಂ."

"ಕರಿದದ್ದು?"

ಟೇಬಲ್ಲಿನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಸಿಹಿ ಒಂದೇ ಅಲ್ಲ, ಎಂಥ ಕೊಬ್ಬು ತಿಂತೀರಿ ಅನ್ನೋದೂ ಮುಖ್ಯ. ವನಸ್ಪತಿ ತುಪ್ಪ, ಕರಿದ ಎಣ್ಣೇಲೇ ಮತ್ತೆ ಕರಿದದ್ದು, ಇವು ದಿನಾ ಹೊಟ್ಟೆಗೆ ಹೋದ್ರೆ ಇನ್ಸುಲಿನ್ ಸರಿಯಾಗಿ ಕೆಲ್ಸ ಮಾಡಲ್ಲ. ಎಣ್ಣೆ ಪೂರ್ತಿ ಬಿಡಿ ಅಂತಿಲ್ಲ. ಶೇಂಗಾ, ಎಳ್ಳು, ಮೀನು ತಿನ್ನಿ. ಆ ಟೇಬಲ್ ಬಿಡಿ."

ಮರುದಿನ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಅದೇ ಟೇಬಲ್ಲಿನಲ್ಲಿ ಡಬ್ಬಿ ಬಿಚ್ಚಿದ್ದೇ ತಡ, ಹೋಟೆಲಿನ ಯಜಮಾನರು ಬಂದು ನಿಂತರು. ಅವರು ನಮ್ಮ ಬಸ್ಸಿನ ಮಾಲೀಕರ ಭಾವಮೈದುನ.

"ಎಂತ ಮಾರಾಯ್ರೆ, ಕಂಡಕ್ಟ್ರೇ ತಿನ್ನದ ಹೋಟ್ಲಲ್ಲಿ ಜನ ತಿಂತಾರಾ?"

ಸಂಜೆಯೇ ಮಾಲೀಕರ ಫೋನು ಬಂತು. "ಅಲ್ಲಿ ನಿಷ್ಠುರ ಕಟ್ಕೋಬೇಡ."

ಡಬ್ಬಿ ಚೀಲದಲ್ಲೇ ಉಳಿಯಿತು. ಕೂತಲ್ಲಿಂದ ಬಾಣಲೆ ಕಾಣುತ್ತಿತ್ತು. ಎಣ್ಣೆ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಾಗಿ, ನೊರೆಯೇಳುತ್ತಿತ್ತು. ಅದರ ಮೇಲೇ ಹೊಸ ಎಣ್ಣೆ ಸುರಿಯುತ್ತಿದ್ದರು. ಗೊತ್ತಿದ್ದೂ ಪೂರಿ ಹರಿದು ಬಾಯಿಗಿಡುತ್ತಿದ್ದೆ. ಒಂದು ಸೀಟಿ ಊದಿ ಇಡೀ ಬಸ್ಸು ನಿಲ್ಲಿಸುವವನಿಗೆ ಒಂದು ತಟ್ಟೆ ಬೇಡವೆನ್ನಲು ಆಗಲಿಲ್ಲ. ಒಮ್ಮೆ ತಗ್ಗಿದ ದನಿಯಲ್ಲಿ ಡಾಕ್ಟರಮ್ಮನ ಮಾತನ್ನು ಡ್ರೈವರಿಗೂ ಹೇಳಿದೆ. "ಹಣೇಲಿ ಬರೆದದ್ದು ಆಗ್ತದೆ, ತಿನ್ನು ಮಾರಾಯ," ಎಂದು ನಕ್ಕ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ತೀರ್ಥಹಳ್ಳಿ ಮುಟ್ಟುವುದರೊಳಗೆ ಎರಡು ಬಾಟಲಿ ನೀರು ಖಾಲಿ ಮಾಡುತ್ತಿದ್ದ. ದಾರಿ ಮಧ್ಯೆ ಬಸ್ಸು ನಿಲ್ಲಿಸಿ ಮರದ ಹಿಂದೆ ಹೋಗುತ್ತಿದ್ದ. ಒಂದು ದಿನ ತಿರುವಿನಲ್ಲಿ ತಟ್ಟನೆ ಬ್ರೇಕ್ ಹಾಕಿದ. "ರಸ್ತೆ ಮಸುಕಾಗ್ತಿದೆ ಕಣೋ." ಜನರನ್ನು ಬೇರೆ ಬಸ್ಸಿಗೆ ಹತ್ತಿಸಿ ಅವನನ್ನು ಆಸ್ಪತ್ರೆಗೆ ಕರೆದೊಯ್ದೆ. ಸಕ್ಕರೆ ವಿಪರೀತ ಏರಿತ್ತು. ಸ್ಟಿಯರಿಂಗ್ ಮುಟ್ಟಬಾರದು ಎಂದರು.

ಮರುದಿನ ಬದಲಿ ಡ್ರೈವರ್ ಬಂದ. ನಾನು ಹೋಟೆಲಿನೊಳಗೆ ಹೋಗಲಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿ ಡಬ್ಬಿ ಬಿಚ್ಚಿದೆ. ಹೋಟೆಲಿನವರು ಹತ್ತಿ ಬಂದರು. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು:

"ನನ್ನ ಹೆಂಡ್ತಿಗೂ ಸಕ್ಕರೆ ಉಂಟು. ಮನೇಲಿ ಈ ಎಣ್ಣೆ ನಾವು ಮುಟ್ಟಲ್ಲ."

ರೊಟ್ಟಿ ಕೈಯಲ್ಲೇ ಉಳಿಯಿತು. "ಮತ್ತೆ ನಮಗೆ?"

"ಪುಕ್ಕಟೆಗೆ ಇನ್ನೆಂತ ಕೊಡಕ್ಕಾಗ್ತದೆ, ಹೇಳಿ."

ಹದಿನಾಲ್ಕು ವರ್ಷ ಆ ಮನುಷ್ಯನನ್ನು ಉಪಕಾರಿ ಎಂದುಕೊಂಡಿದ್ದೆ. ದುಡ್ಡು ಕೊಡುವವರಿಗೂ ಅದೇ ಬಾಣಲೆ. ಅವರು ಇಳಿದು ಹೋದರು. ಅಂದಿನಿಂದ ಯಾರೂ ನನ್ನನ್ನು ಒಳಗೆ ಕರೆದಿಲ್ಲ.

ಈಗ ನನ್ನ ಸಕ್ಕರೆ ಸ್ವಲ್ಪ ಇಳಿದಿದೆ. ಡ್ರೈವರ್ ಮನೆಯಲ್ಲಿದ್ದಾನೆ, ದಿನಾ ಇಂಜೆಕ್ಷನ್. ಭಾನುವಾರ ನೋಡಲು ಹೋದರೆ, "ನೀನು ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಬೇಕಿತ್ತು," ಎನ್ನುತ್ತಾನೆ. ತಮಾಷೆಗೋ ಏನೋ ತಿಳಿಯುವುದಿಲ್ಲ. ಸೋಮವಾರ ಬೆಳಿಗ್ಗೆ ಅದೇ ಹೋಟೆಲಿನ ಮುಂದೆ ನಿಂತು, "ತಿಂಡಿ ಮಾಡೋರು ಇಳೀರಿ," ಎಂದು ನಾನೇ ಕೂಗುತ್ತೇನೆ. ಜನ ಇಳಿಯುತ್ತಾರೆ.