ಇಲ್ಲದ ಮಗನಿಗೆ ಹೆಣ್ಣು ನೋಡಿದೆ

ಒಂದು ಡಜನ್ ಬಾಳೆಹಣ್ಣು, ಎರಡು ತೆಂಗಿನಕಾಯಿ, ಒಂದು ಕುಪ್ಪಸದ ಖಣ. ಗೋನೆಗಂಡ್ಲದ ವೀರಭದ್ರಪ್ಪನವರ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗಲು ನಾನು ಕೊಟ್ಟ ಬಾಡಿಗೆ ಇಷ್ಟು. ಖಣವನ್ನೂ ಎಮ್ಮಿಗನೂರಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಅರ್ಧ ಬೆಲೆಗೆ ತಂದಿದ್ದೆ. ಉಳಿದ ಬಾಡಿಗೆಯನ್ನು ಅವರ ಮಗಳು ನಾಗವೇಣಿ ಕಟ್ಟಿದಳು — ಇನ್ನೂ ಕಟ್ಟುತ್ತಿದ್ದಾಳೆ.

ಇಲ್ಲದ ಮಗನಿಗೆ ಹೆಣ್ಣು ನೋಡುವ ನೆಪದಲ್ಲಿ ನಾನು ಆ ಮನೆ ಹೊಕ್ಕೆ. ಮಗ ಊರಲ್ಲಿಲ್ಲ ಎಂದಲ್ಲ. ನಮಗೆ ಮಕ್ಕಳೇ ಇಲ್ಲ.

ನಾನು ಹುಟ್ಟಿದ್ದು ಆಂಧ್ರದ ಗಡಿಯ ಆದೋನಿಯಲ್ಲಿ. ಅಪ್ಪ ಹತ್ತಿ ಮಾರ್ಕೆಟ್ಟಿನಲ್ಲಿ ತೂಕ ಹಾಕುತ್ತಿದ್ದ. ತೂಕದ ಬಸಪ್ಪ ಅಂದರೆ ಹಳೆಯ ರೈತರು ಈಗಲೂ ತಲೆಯಾಡಿಸುತ್ತಾರೆ. ನಾನು ಬರಿಗೈಲಿ ಹುಬ್ಬಳ್ಳಿಗೆ ಹೋಗಿ ಹಳೆ ಕಬ್ಬಿಣದ ವ್ಯಾಪಾರ ಹಿಡಿದೆ, ಬದುಕಿಕೊಂಡೆ. ಅರವತ್ತು ದಾಟಿದ ಮೇಲೆ ಅಂಗಡಿ ಕೊಟ್ಟುಬಿಟ್ಟು ಒಂದು ಹಳೆಯ ಟೆಂಪೋ ವ್ಯಾನು ಕೊಂಡೆ. ಒಳಗೆ ಮಂಚ, ಗ್ಯಾಸಿನ ಒಲೆ, ನೀರಿನ ಟ್ಯಾಂಕು. ನಾನು, ಹೆಂಡತಿ ಗೌರಮ್ಮ — ಮಂತ್ರಾಲಯ, ಶ್ರೀಶೈಲ, ಅಹೋಬಲ ಎಂದು ತಿರುಗಾಟ. ಲಾಡ್ಜಿಗೆ ಒಂದು ರೂಪಾಯಿ ಕೊಡುವುದಿಲ್ಲ ಎಂಬುದು ನನ್ನ ಹಟ.

ಗಾಡಿಯಲ್ಲಿ ಮಲಗುವವರಿಗೆ ದಾರಿ ಕಷ್ಟವಲ್ಲ, ನಿಲ್ಲುವುದು ಕಷ್ಟ. ಪೆಟ್ರೋಲ್ ಬಂಕಿನವರು ಎಬ್ಬಿಸಿ ಕಳಿಸುತ್ತಾರೆ. ಗುಡಿಯ ಬಯಲಲ್ಲಿ ಬಾಡಿಗೆಯ ಚೀಟಿ ಹರಿಯುತ್ತಾರೆ. ರಸ್ತೆ ಬದಿ ನಿಂತರೆ ಪೊಲೀಸರು ಬಾಗಿಲು ಬಡಿಯುತ್ತಾರೆ. ಹೀಗಿರುವಾಗ ಒಂದು ಸಂಜೆ, ಎಮ್ಮಿಗನೂರು ರಸ್ತೆಯ ಚಹಾದಂಗಡಿಯವಳು ನಮ್ಮ ಹಣೆಯ ವಿಭೂತಿ, ಗೌರಮ್ಮನ ಇಳಕಲ್ ಸೀರೆ ನೋಡಿ ತೆಲುಗಿನಲ್ಲಿ ಕೇಳಿದಳು — "ಪೆಳ್ಳಿಚೂಪುಲಕು ವಚ್ಚಾರಾ?" ಹೆಣ್ಣು ನೋಡಾಕ ಬಂದೀರಾ ಅಂತ.

ಹೌದು ಅಂದೆ. ಸುಮ್ಮನೆ, ಬಾಯಿಗೆ ಬಂತು.

ನೋಡಿ, ಗೇಟುಗಳು ಹೇಗೆ ತೆರೆದವು! ವಯಸ್ಸಿಗೆ ಬಂದ ಹುಡುಗಿಯಿರುವ ಮನೆಯವರೇ ಚಹಾದಂಗಡಿಗೆ ಬಂದು ನಮ್ಮನ್ನು ಕರೆದುಕೊಂಡು ಹೋದರು. ಬಿಸಿನೀರು, ಊಟ, ಕಾಂಪೌಂಡಿನೊಳಗೆ ಗಾಡಿ. ಬೆಳಿಗ್ಗೆ "ತಿಳಿಸ್ತೀವ್ರಿ" ಎಂದು ಹೊರಟುಬಿಟ್ಟರೆ ಮುಗಿಯಿತು. ಹೆಣ್ಣು ನೋಡಿದವರೆಲ್ಲ ತಿಳಿಸುತ್ತಾರೆಯೇ? ಯಾರಿಗೆ ನಷ್ಟ, ಅಂದುಕೊಂಡೆ. ಆ ಸೀಮೆಯ ಎಷ್ಟೋ ಮನೆಗಳಲ್ಲಿ ಹೀಗೆ ಮಲಗಿದೆ.

ವೀರಭದ್ರಪ್ಪನವರದು ಅವೆಲ್ಲಕ್ಕಿಂತ ಒಳ್ಳೆಯ ಜಾಗ. ಹತ್ತಿ ಚೀಲ ಇಳಿಸುವ ದೊಡ್ಡ ಅಂಗಳ, ಆಳೆತ್ತರದ ಗೋಡೆ, ಬೀಗದ ಗೇಟು, ನಲ್ಲಿ, ಕರೆಂಟು. ಅಪ್ಪನ ಹೆಸರು ಹೇಳಿದೆ. "ತೂಕದ ಬಸಪ್ಪನ ಮಗನ? ಅವರ ತಕ್ಕಡಿ ಮುಂದ ನಮ್ಮಪ್ಪ ಎರಡನೇ ಸಲ ತೂಗಿಸಿದಾವಲ್ಲ!" ಎಂದು ವೀರಭದ್ರಪ್ಪ ಕೈ ಹಿಡಿದುಕೊಂಡರು. ಮುಂದೆ ಏನೂ ವಿಚಾರಿಸಲಿಲ್ಲ. ಫೋಟೋ ಕೇಳಿದಾಗ ಗೌರಮ್ಮನ ತಮ್ಮನ ಮಗನ ಹಳೆಯದೊಂದು ಚಿತ್ರ ತೋರಿಸಿದೆ. ಅವನಿಗಾಗಲೇ ಎರಡು ಮಕ್ಕಳು.

ವೀರಭದ್ರಪ್ಪನವರ ಅಕ್ಕ ಪಾರಮ್ಮ, ಬಾಯಿ ಜೋರು, ಗಾಡಿಯೊಳಗೆ ಇಣುಕಿ ಹೇಳಿದಳು: "ಏನ್ರಿ ಬೀಗರೇ, ಮನಿ ಹೊತ್ಕೊಂಡೇ ಅಡ್ಡಾಡ್ತೀರಲ್ಲ! ನಮ್ಮ ಹುಡುಗೀನ ಕೊಟ್ರ ಆಕೀನೂ ಇದರಾಗ ಮಡಿಚಿ ಇಡ್ತೀರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾಗವೇಣಿ ತಲೆ ಬಗ್ಗಿಸಿ ಕೂರುವ ಹುಡುಗಿಯಲ್ಲ. ತಾನೇ ವೈರು ಎಳೆದು ಗಾಡಿಗೆ ಕರೆಂಟು ಕೊಟ್ಟಳು. "ಫ್ಯಾನ್ ಒಂದ ಹಾಕ್ರಿ ಮಾವಾರ, ಇಸ್ತ್ರಿ ಗಿಸ್ತ್ರಿ ಹಚ್ಚಿದ್ರ ನಮ್ಮ ಓಣಿ ಪೂರಾ ಕತ್ತಲಾಗ್ತೈತಿ." ಆಮೇಲೆ ನೇರ ಕೇಳಿದಳು — "ಅವರ್ಯಾಕ ಬರಲಿಲ್ರಿ?"

"ನಾಗಪುರದಾಗ ಮಿಲ್ಲಿನ ಇಂಜಿನಿಯರ್ ಅದಾನವಾ. ಹತ್ತಿ ಸೀಜನ್ನಿನಾಗ ರಜಾ ಸಿಗಂಗಿಲ್ಲ."

ಅವಳು ಗೌರಮ್ಮನ ಕಡೆ ತಿರುಗಿದಳು. "ಊಟಕ್ಕ ಏನ್ ಸೇರ್ತೈತ್ರಿ ಅತ್ತಿ, ಅವರಿಗೆ?"

ಗೌರಮ್ಮ, "ಜ್ವಾಳದ ರೊಟ್ಟಿ, ಪುಂಡಿಪಲ್ಯ. ಬಳ್ಳೊಳ್ಳಿ ಮುಂದಿರಬೇಕು. ಸಣ್ಣಾವಿದ್ದಾಗ ಹಾಲು ಕುಡೀಸಾಕ ಓಣಿ ತುಂಬ ಬೆನ್ನು ಹತ್ತತಿದ್ದೆ" ಅಂದಳು.

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಎರಡು ಬಸಿರು ನಿಲ್ಲದ ಹೆಂಗಸು ಅವಳು. ಗಾಡಿಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಚೆನ್ನಾಗಿ ಹೇಳಿದಿ ಎಂದು ನಾನು ಹೊಗಳಿದೆ — ಹೌದು, ಹೊಗಳಿದೆ.

ಮರುದಿನ ಹೊರಡುವಾಗ ವೀರಭದ್ರಪ್ಪ ಗೇಟಿನ ತನಕ ಬಂದರು. "ಹಾಲಹರವಿಯಿಂದ ಒಬ್ಬರು ಕೇಳ್ಯಾರ್ರಿ. ಬೀಜದ ಅಂಗಡಿ ಐತಿ, ಹುಡುಗ ಛಲೋ ಅದಾನ. ಈ ಸೋಮವಾರ ಬರ್ತಾರ. ನಿಮ್ಮದೇನಂತ ತಿಳದ್ರ..."

ಎಂದಿನಂತೆ "ತಿಳಿಸ್ತೀವಿ" ಅನ್ನಬಹುದಿತ್ತು. ಆದರೆ ನನ್ನ ಕಣ್ಣು ಆ ಗೋಡೆ, ಆ ನಲ್ಲಿಯ ಮೇಲಿತ್ತು. ಶ್ರೀಶೈಲದಿಂದ ತಿರುಗಿ ಬರುವಾಗ ಬೇಕು, ಮುಂದಿನ ಹುಣ್ಣಿಮೆಗೂ ಬೇಕು. ಹುಡುಗಿಗೆ ಬೇರೆ ಕಡೆ ಗೊತ್ತಾದರೆ ಗೇಟು ಮುಚ್ಚುತ್ತದೆ. ಒಳ್ಳೆ ಮಾಲು ಕಂಡಾಗ ವ್ಯಾಪಾರಿ ಒಂದು ಮಾತು ಕೊಟ್ಟು ತಡೆ ಹಿಡಿಯುತ್ತಾನೆ — ನಾನೂ ಹಿಡಿದೆ.

"ನಮಗ ಒಪ್ಪಿಗಿ ಐತಿ. ಅವರಿಗೆ ಬ್ಯಾಡ ಅನ್ರಿ."

ಆ ಮನುಷ್ಯನ ಕಣ್ಣು ತುಂಬಿತು. ಹಾಲಹರವಿಯವರಿಗೆ ಬೇಡ ಎಂದು ಹೇಳಿಕಳಿಸಿದರು.

ಆಮೇಲೆ ಒಂದೂವರೆ ವರ್ಷ ಆ ಅಂಗಳ ನನ್ನದೇ. ಮಗನಿಗೆ ಒಮ್ಮೆ ರಜೆ ಸಿಗಲಿಲ್ಲ, ಒಮ್ಮೆ ಕಾಮಾಲೆ ಆಯಿತು, ಒಮ್ಮೆ ಮಿಲ್ಲಿನವರು ಗುಜರಾತಿಗೆ ಕಳಿಸಿದರು. ಗೌರಮ್ಮನ ಮಂಡಿನೋವು ಕಂಡು ಅವರು ಹಿತ್ತಲಲ್ಲಿ ಕಮೋಡು ಹಾಕಿಸಿದರು. ಆದೋನಿಯ ಅಂಗಡಿಗೆ ನಾನೇ ಜೊತೆಗೆ ಹೋಗಿ, ಜಗ್ಗಾಡಿ, ರೇಟು ಇಳಿಸಿಕೊಟ್ಟೆ. "ಬೀಗರು ಬಂದು ನಮಗ ಉಳಿತಾಯ ಆತು" ಎಂದು ವೀರಭದ್ರಪ್ಪ ಓಣಿಯೆಲ್ಲ ಹೇಳಿಕೊಂಡು ತಿರುಗಿದರು.

ನಿಶ್ಚಿತಾರ್ಥಕ್ಕೆ ದಿನ ಹಿಡಿಯಿರಿ ಎಂದು ಅವರು ಗಟ್ಟಿಯಾಗಿ ಕೇಳತೊಡಗಿದ ಮೇಲೆ ದಾರಿ ಬದಲಿಸಿದೆ. ಅವರ ಫೋನ್ ಬಂದರೆ ಎತ್ತಲಿಲ್ಲ. ನಾಗಲದಿನ್ನೆಯ ಹತ್ತಿರ ಹೊಳೆದಂಡೆಯಲ್ಲಿ ಒಂದು ಬಯಲು ಸಿಕ್ಕಿತ್ತು, ಅದೂ ಪುಕ್ಕಟೆ.

ಇಷ್ಟೇ ಆಗಿದ್ದರೆ ಮೋಸಗಾರ ಅನ್ನಿಸಿಕೊಂಡು ಸಾಯುತ್ತಿದ್ದೆ. ಇದಕ್ಕಿಂತ ಕೆಟ್ಟದ್ದು ಆ ಹೊಳೆದಂಡೆಯಲ್ಲಿ ನಡೆಯಿತು.

ಸಂಜೆ. ಗೌರಮ್ಮ ಒಲೆ ಹಚ್ಚಿದ್ದಳು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು — ಹಾಲಹರವಿಯ ಹುಡುಗನ ದೊಡ್ಡಪ್ಪ. ಅವರ ಹುಡುಗನಿಗೆ ಇನ್ನೂ ಮದುವೆಯಾಗಿರಲಿಲ್ಲ. ನಾಗವೇಣಿಯೇ ಆಗಬೇಕು ಅನ್ನುತ್ತಿದ್ದನಂತೆ. ನಮ್ಮಲ್ಲಿ ಹೆಣ್ಣು ತರುವ ಮುಂಚೆ, ಮೊದಲು ಒಪ್ಪಿ ಆಮೇಲೆ ಕೈಬಿಟ್ಟವರನ್ನು ಒಂದು ಮಾತು ಕೇಳುತ್ತಾರೆ. ಅದಕ್ಕೇ ಕೇಳಿದರು.

"ನೀವು ಒಪ್ಪಿ ಕೈಬಿಟ್ರಂತಲ್ರಿ. ಯಾಕ್ರಿ? ನಮ್ಮೊಳಗ ಇರ್ಲಿ, ಹೇಳ್ರಿ."

ನನಗೆ ಮಗನೇ ಇಲ್ಲ ಎನ್ನಬಹುದಿತ್ತು. ಜಾತಕ ಕೂಡಲಿಲ್ಲ ಎಂದಾದರೂ ಸುಳ್ಳು ಹೇಳಬಹುದಿತ್ತು. ಸುಳ್ಳು ನನಗೇನೂ ಹೊಸದಲ್ಲ. ಆದರೆ ಆ ಗಳಿಗೆಯಲ್ಲಿ ಒಂದೇ ಹೆದರಿಕೆ — ಇನ್ನೊಂದು ಪ್ರಶ್ನೆ ಕೇಳಿದರೆ ನನ್ನ ಬಂಡವಾಳ ಬಯಲಾಗುತ್ತದೆ. ಮಾತು ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಿಸಿದೆ.

"ಅದನ್ನ ಕೇಳಬ್ಯಾಡ್ರಿ. ಹೆಣ್ಣುಮಗಳ ವಿಷಯ."

ಆ ಕಡೆಯವರು ದನಿ ತಗ್ಗಿಸಿದರು. "ತಿಳೀತು ಬಿಡ್ರಿ. ದೊಡ್ಡ ಮನಸ್ಸು ನಿಮ್ಮದು."

ಗೌರಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಒಲೆ ಆರಿಸಿದಳು. "ನಮ್ಮ ಮಗ ಸತ್ತ ಅಂತಾದ್ರೂ ಹೇಳಬೇಕಿತ್ತು" ಅಂದಳು. ಹುಬ್ಬಳ್ಳಿ ಮುಟ್ಟಿದ ಮೇಲೆ ಇಳಿದವಳು ಮತ್ತೆ ಆ ಗಾಡಿ ಹತ್ತಿಲ್ಲ.

ನಾನು ಹತ್ತಿದೆ — ಒಬ್ಬನೇ, ವರ್ಷಗಟ್ಟಲೆ. ಈಗ ಗಾಡಿಯಲ್ಲಿ ತಿರುಗುವ ಹೊಸಬರು ಬಹಳ. ಎಲ್ಲಿ ಪುಕ್ಕಟೆ ನಿಲ್ಲಬಹುದು ಎಂದು ನನ್ನನ್ನು ಹುಡುಕಿ ಕೇಳುತ್ತಾರೆ. ಈ ಬೇಸಿಗೆ ಆದೋನಿಯ ಹೊರಗೆ ಒಂದು ಢಾಬಾದಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು, "ಅಂಕಲ್, ಹಳ್ಳಿ ಮನೆಗಳಲ್ಲಿ ಹೇಗೆ ಜಾಗ ಗಿಟ್ಟಿಸುತ್ತಿದ್ದಿರಿ?" ಅಂದಿತು. ನಾನು ನಗುತ್ತ ಶುರು ಮಾಡಿದೆ. ಚಹಾದಂಗಡಿಯವಳ ತನಕ ಬಂದೆ. ಆ ಹುಡುಗಿ ನನಗಿಂತ ಮುಂಚೆ ನಗತೊಡಗಿದಳು, ಮುಂದೇನು ಅಂದಳು — ನಾನು ಊಟದ ದುಡ್ಡು ಇಟ್ಟು ಎದ್ದುಬಿಟ್ಟೆ.

ಮರುದಿನ ಗೋನೆಗಂಡ್ಲಕ್ಕೆ ಹೋದೆ. ನಡುಮಧ್ಯಾಹ್ನ. ಪಾರಮ್ಮ ಕಟ್ಟೆಯ ಮೇಲೆ ಕೂತಿದ್ದಳು. "ಬರ್ರಿ ಬೀಗರೇ! ಮಗನಿಗೆ ರಜಾ ಸಿಕ್ತೇನು?"

ಮಗ ಇಲ್ಲ ಎಂದೆ.

ವೀರಭದ್ರಪ್ಪ ಒಳಗಿನಿಂದ ಬಂದರು. "ಇಲ್ಲಂದ್ರ... ತೀರಿಕೊಂಡನೇನ್ರಿ?" ಆ ದನಿಯಲ್ಲಿ ನಿಜವಾದ ಮರುಕವಿತ್ತು.

"ಇರಲೇ ಇಲ್ರಿ."

ಪಾರಮ್ಮ ಉಗಿದಳು. ವೀರಭದ್ರಪ್ಪ ಕೆಳಗೆ, ನೆಲದ ಮೇಲೆ ಕೂತುಬಿಟ್ಟರು. ಎಲ್ಲವನ್ನೂ ಹೇಳಿದೆ, ಫೋನಿನ ಮಾತನ್ನೂ. ನಾಗವೇಣಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಇನ್ನೊಮ್ಮೆ ಹೇಳ್ರಿ. ಏನಂದ್ರಿ ಅವರಿಗೆ?"

ಹೇಳಿದೆ.

"ಆ ಮಾತಿಗೇ ನನಗ ಮೂರ್ಛೆರೋಗ ಐತಂತ ಊರಾಗ ಹಬ್ಬಿತು. ಅಪ್ಪ ಕರ್ನೂಲಿಗೆ ಒಯ್ದು ತಲಿ ಸ್ಕ್ಯಾನ್ ಮಾಡಿಸಿದ. ನಾ ಯಾಕ ಹೋದೆ ಗೊತ್ತೇನು? ಇದ್ದರೂ ಇರಬಹುದು, ನನಗ ತಿಳೀದಂಗ ಏನರ ಇರಬಹುದು ಅಂತ. ಏನೂ ಇಲ್ಲ ಅಂದ ಡಾಕ್ಟರ್. ನಾ ಅವನನ್ನೂ ನಂಬಲಿಲ್ಲ." ಅವಳು ಅಳಲಿಲ್ಲ. "ಹಾಲಹರವಿಯವನಿಗೆ ಬ್ಯಾರೆ ಲಗ್ನಾಗಿ ಮಗಳು ಹುಟ್ಯಾಳ. ಹೋದ ಸಂಬಂಧ ನೀವು ತಿರುಗಿ ಕೊಡಾಕ ಆಗಂಗಿಲ್ಲ. ನಾಕು ಮಂದಿ ಓದೂ ಹಂಗ ಬರೀರಿ. ಮಗ ಇಲ್ಲ ಅಂತ ಬರೀರಿ, ನಿಮ್ಮ ಹೆಸರು ಹಾಕ್ರಿ, ನನ್ನ ಹೆಸರೂ ಹಾಕ್ರಿ. ನಾ ಯಾಕ ಮುಚ್ಚಿಕೋಬೇಕು?"

ಬರೆದಿದ್ದೇನೆ. ನಾನು ತೂಕದ ಬಸಪ್ಪನ ಮಗ ಶಂಕ್ರಪ್ಪ. ಇದನ್ನು ಓದಿ ಹೇಳಿದಾಗ ಗೌರಮ್ಮ, "ನನ್ನ ಬಸಿರಿನ ಸುದ್ದೀನೂ ಹಾಕೀರೇನು?" ಎಂದಷ್ಟೇ ಕೇಳಿದಳು. ತೆಗೆಯಲೇ ಅಂದೆ. ಎದ್ದು ಒಳಗೆ ಹೋದಳು. ಹಾಗೇ ಬಿಟ್ಟಿದ್ದೇನೆ — ಅದೂ ತಪ್ಪೋ ಏನೋ.

ಈಗ, ಕೇಳುವವರಿಗೆ ಹೇಳುತ್ತೇನೆ. ಆದೋನಿ ಕಡೆ ಗಾಡಿಯಲ್ಲಿ ಹೋಗುವವರು ಕತ್ತಲಾಗುವ ಮುಂಚೆ ಜಾಗ ಹುಡುಕಿ. ಢಾಬಾದಲ್ಲಿ ಊಟ ಮಾಡಿದರೆ ಹಿಂದಿನ ಬಯಲಲ್ಲಿ ನಿಲ್ಲಲು ಬಿಡುತ್ತಾರೆ. ಬಂಕಿನಲ್ಲಾದರೆ ಡೀಸೆಲ್ ಹಾಕಿಸಿ ಮ್ಯಾನೇಜರನ್ನೇ ಕೇಳಿ. ಮನೆಯೊಂದರ ಅಂಗಳ ಬೇಕಾದರೆ, ನಾವು ದಾರಿಹೋಕರು, ಒಂದು ರಾತ್ರಿ ನಿಲ್ಲುತ್ತೇವೆ, ಇಷ್ಟು ಕೊಡುತ್ತೇವೆ ಅನ್ನಿ. ಬೇಡ ಅಂದರೆ ಮುಂದಕ್ಕೆ ಹೋಗಿ. ನೀರಿಗೂ ದುಡ್ಡು ಕೊಡಿ. ಚೌಕಾಸಿ ಮಾಡಬೇಡಿ. ಅಂಗಳ ಇರುವವರೇ, ನೀವೂ ಬಾಡಿಗೆ ಕೇಳಿ ತೆಗೆದುಕೊಳ್ಳಿ, ಬೀಗರೆಂದು ಕರೆಯಬೇಡಿ.

ಮತ್ತೆ, ಗೋನೆಗಂಡ್ಲದ ನಾಗವೇಣಿಯನ್ನು ಕೇಳಲು ಹೋಗುವವರು ಯಾರಾದರೂ ಇದ್ದರೆ, ವಿಚಾರಿಸಲು ನನಗೆ ಫೋನ್ ಮಾಡಬೇಡಿ. ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಿ. ಗೇಟು ತೆಗೆಯುವ ಮುಂಚೆ ಅವಳು ಅವನನ್ನೇ ಮಾತಾಡಿಸುತ್ತಾಳೆ.