ಅಪ್ಪನ ಕಾಲು, ಅಮ್ಮನ ತೋಳು

ನಮ್ಮಪ್ಪನ ಕುಂಟುಗಾಲಿಗೆ ಈ ಊರು ಕೊಟ್ಟಷ್ಟು ಮರ್ಯಾದೆಯನ್ನು ನಮ್ಮಮ್ಮನಿಗೆ ಎಂದೂ ಕೊಡಲಿಲ್ಲ. ಅಪ್ಪ ಕೋಲೂರಿಕೊಂಡು ಬಸ್ಸು ಹತ್ತಿದರೆ ಯಾರಾದರೂ ಎದ್ದು ಸೀಟು ಬಿಡುತ್ತಾರೆ. ಕ್ಷೌರದಂಗಡಿಯವನು ‘ಮಿಲಿಟರಿ ಯಜಮಾನರು’ ಎಂದು ಸರದಿ ತಪ್ಪಿಸಿ ಕೂರಿಸುತ್ತಾನೆ. ನಮ್ಮಪ್ಪ ಜೀವಮಾನದಲ್ಲಿ ಹಿಡಿದ ಆಯುಧವೆಂದರೆ ಕತ್ತರಿ ಮತ್ತು ಸೂಜಿ. ಅಪ್ಪ ದರ್ಜಿ. ಮಿಲಿಟರಿಯಲ್ಲಿದ್ದವಳು ಅಮ್ಮ.

ಅಮ್ಮ ಸೇನೆಯ ಆಂಬುಲೆನ್ಸ್ ಓಡಿಸುತ್ತಿದ್ದಳು. ಸೇರುವಾಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ತರಬೇತಿ ಶಿಬಿರಕ್ಕೆ ಸಮವಸ್ತ್ರ ಹೊಲಿದುಕೊಡುತ್ತಿದ್ದ ಅಂಗಡಿಯಲ್ಲಿ ಅಪ್ಪ ಕೆಲಸ ಕಲಿಯುತ್ತಿದ್ದ. ಅಳತೆ ತೆಗೆಯಲು ಹೋದವನು ಅವಳ ತೋಳಿನ ಅಳತೆಯನ್ನೇ ಮರೆತು ಬಂದ. ಮರುದಿನ ಮತ್ತೆ ಹೋದ. ಅದರ ಮರುದಿನವೂ ಹೋದ. “ಏನ್ರೀ, ನನ್ನ ತೋಳು ದಿನಾ ಬೆಳೆಯುತ್ತಾ?” ಎಂದು ಅಮ್ಮ ಎಲ್ಲರೆದುರೇ ಕೇಳಿದಳಂತೆ. ಗೇಟಿನ ಕಾವಲಿನವನು ತಡೆಯತೊಡಗಿದ ಮೇಲೆ ಅಪ್ಪ ಹಿಂದಿನ ಗೋಡೆ ಹತ್ತತೊಡಗಿದ. ಒಂದು ಸಂಜೆ ಅಲ್ಲಿಂದ ಜಾರಿ ಬಿದ್ದು ಮಂಡಿ ಮುರಿದುಕೊಂಡ. ಅವನನ್ನು ಆಸ್ಪತ್ರೆಗೆ ಸಾಗಿಸಿದ ಗಾಡಿಯನ್ನು ಓಡಿಸಿದವಳೂ ಅಮ್ಮನೇ. ಗಾಡಿ ಕಲಿತ ಮೇಲೆ ಅವಳಿಗೆ ಸಿಕ್ಕ ಮೊದಲ ರೋಗಿ ಅವನು. ದಾರಿಯುದ್ದಕ್ಕೂ ಬೈದಳಂತೆ. ಪಕ್ಕದಲ್ಲಿ ಕೂತಿದ್ದ ನರ್ಸ್ ನಕ್ಕು ನಕ್ಕು ಸುಸ್ತಾದಳಂತೆ. ಬಾಯಿ ಮುಚ್ಚದೆ ಮಾತಾಡುವ ಆ ನರ್ಸನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಆಮೇಲೆ ಇವರಿಬ್ಬರ ಮಧ್ಯೆ ಸುದ್ದಿ ಮುಟ್ಟಿಸಿ, ಮಾತನ್ನು ಮದುವೆವರೆಗೆ ತಂದವಳೂ ಅವಳೇ.

ಮದುವೆಯಾದ ವರ್ಷವೇ ಯುದ್ಧ ಬಂತು. ಗಾಯಾಳುಗಳನ್ನು ತುಂಬಿಕೊಂಡು ಬರುತ್ತಿದ್ದ ಅಮ್ಮನ ಗಾಡಿಯ ಹತ್ತಿರವೇ ಶೆಲ್ ಬಿತ್ತು. ಗಿಣಿ ಪಕ್ಕದ ಸೀಟಿನಲ್ಲೇ ಸತ್ತಳು. ಅಮ್ಮ ಬಲಭುಜದಲ್ಲಿ ಲೋಹದ ಚೂರು ಇಟ್ಟುಕೊಂಡೇ ಹಲ್ಲು ಕಚ್ಚಿ ಗಾಡಿಯನ್ನು ಆಸ್ಪತ್ರೆ ಮುಟ್ಟಿಸಿದಳು. ಹಿಂದೆ ಮಲಗಿದ್ದವರೆಲ್ಲ ಬದುಕಿದರು. ಅಲ್ಲಿಂದಾಚೆಗೆ ಅವಳ ಬಲಗೈ ಎದೆಯಿಂದ ಮೇಲೆ ಏಳಲಿಲ್ಲ. ಸೆಲ್ಯೂಟ್ ಹೊಡೆಯಲಾಗದವಳು ಸೇನೆಗೆ ಬೇಡವಾದಳು, ಮನೆಗೆ ಕಳಿಸಿದರು.

ಅಪ್ಪನ ಕುಂಟು ಎಲ್ಲರ ಕಣ್ಣಿಗೂ ಕಾಣುತ್ತದೆ, ಅಮ್ಮನ ಗಾಯ ಅಂಗಿಯೊಳಗೆ ಮುಚ್ಚಿಹೋಗಿದೆ. ಊರಿಗೆ ಅಷ್ಟು ಸಾಕಾಯಿತು. “ಯಾವ ಯುದ್ಧದಲ್ಲಿ ಯಜಮಾನ್ರೆ, ಕಾಲಿಗೆ ಪೆಟ್ಟಾಗಿದ್ದು?” ಎಂದು ಕೇಳುತ್ತಿದ್ದರು. “ನಾನಲ್ಲಪ್ಪಾ, ಮಿಲಿಟರಿಯಲ್ಲಿದ್ದದ್ದು ನಮ್ಮ ಮನೆಯವರು” ಎನ್ನುತ್ತಿದ್ದ ಅಪ್ಪ. ಮನೆಯವರು ಎಂದರೆ ಗಂಡ ಎಂದಷ್ಟೇ ಕೇಳಿಸಿಕೊಳ್ಳುವ ಕಿವಿಗಳು ಇವು. ಗಂಡಸಿನ ಬಾಯಲ್ಲಿ ಆ ಮಾತು ಬಂದರೆ ಇವರ ಅಪ್ಪ, ಅಣ್ಣಂದಿರೂ ಸೈನಿಕರೇ ಇರಬೇಕು, ಇಡೀ ಮನೆತನವೇ ಮಿಲಿಟರಿ ಎಂದುಕೊಂಡು ಇನ್ನಷ್ಟು ಬಗ್ಗುತ್ತಿದ್ದರು. ಬರಬರುತ್ತಾ ಅಪ್ಪ ಸುಮ್ಮನಾದ. ಅವನ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ಬಿಟ್ಟುಕೊಟ್ಟ ಸೀಟಿನಲ್ಲಿ ಅವನು ಕೂತು, ಅಮ್ಮ ಎಡಗೈಯಲ್ಲಿ ಕಂಬ ಹಿಡಿದು ಜೋಲಿ ಹೊಡೆಯುತ್ತಾ ನಿಂತದ್ದನ್ನು ಎಷ್ಟು ಸಲ ನೋಡಿಲ್ಲ ನಾನು. “ಹೋಗ್ಲಿ ಬಿಡೆ, ಕಾಲು ನೋಯೋದು ಅವರಿಗೆ ತಾನೆ” ಎನ್ನುತ್ತಿದ್ದಳು ಅವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮ ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಗಿಣಿಯೂ ಇದೇ ಊರಿನವಳು, ಆದರೆ ಊರಿನ ಹುತಾತ್ಮರ ಕಲ್ಲಿನ ಮೇಲೆ ಅವಳ ಹೆಸರಿರಲಿಲ್ಲ. ನರ್ಸುಗಳು ಸೈನಿಕರ ಲೆಕ್ಕಕ್ಕೆ ಬರುವುದಿಲ್ಲವೆಂದು ಮಾಜಿ ಸೈನಿಕರ ಸಂಘ ವಾದಿಸುತ್ತಿತ್ತು. ಶೆಲ್ಲಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅಮ್ಮ ವರ್ಷಗಟ್ಟಲೆ ಆ ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು. ಕೊನೆಗೂ ಈ ವರ್ಷ ಹೆಸರು ಕೆತ್ತಿದರು, ಎಲ್ಲರಿಗಿಂತ ಕೆಳಗೆ, ಕೊಂಚ ಚಿಕ್ಕ ಅಕ್ಷರದಲ್ಲಿ. “ಚಿಕ್ಕದಾದ್ರೇನು, ಅವಳಿಗೆ ಹೂವು ನಾನೇ ಇಡ್ತೀನಿ” ಎಂದಳು ಅಮ್ಮ. ಅಪ್ಪ ಅವಳಿಗೆ ಹೊಸ ಅಂಗಿ ಹೊಲಿದ. ಕೈಯೆತ್ತದೆ ತೊಡುವಂತೆ, ಬಲಗಡೆ ಕಂಕುಳಲ್ಲಿ ಯಾವತ್ತಿನ ಹಾಗೆ ಒಂದಿಷ್ಟು ಹೆಚ್ಚು ಬಟ್ಟೆ ಬಿಟ್ಟಿದ್ದ.

ಕಾರ್ಯಕ್ರಮದ ದಿನ ಸಂಘದ ಹೊಸ ಅಧ್ಯಕ್ಷರು ಬಾಗಿಲಲ್ಲೇ ಅಮ್ಮನನ್ನು ಕೇಳಿದರು: “ನಿಮ್ಮ ಮನೆಯವರು ಬಂದ್ರಾ?” ಅವಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಕೋಲು ಅವರ ಕಣ್ಣಿಗೆ ಬಿತ್ತು. ಅವನನ್ನು ಕೈಹಿಡಿದು ಕರೆದೊಯ್ದು ಮೊದಲ ಸಾಲಿನಲ್ಲಿ ಕೂರಿಸಿದರು. “ನಾನೇ ಇಡಬೇಕಾದದ್ದು” ಎಂದು ಅಮ್ಮ ಹೇಳಿದ್ದು ಅವರ ಬೆನ್ನಿಗೆ. ನಮ್ಮಿಬ್ಬರನ್ನು ಹಿಂದೆ, ‘ಕುಟುಂಬದವರು’ ಎಂದು ಚೀಟಿ ಅಂಟಿಸಿದ್ದ ಬೆಂಚಿಗೆ ಕಳಿಸಿದರು. ಗಿಣಿಯ ಹೆಸರು ಕರೆದಾಗ ಹೂಗುಚ್ಛವನ್ನು ತಂದು ಅಪ್ಪನ ಕೈಗೇ ಇಟ್ಟರು.

ಅಪ್ಪ ಎದ್ದು ಕಲ್ಲಿನ ಪಕ್ಕದಲ್ಲಿದ್ದ ಮೈಕಿನ ಬಳಿಗೆ ಹೋದ. “ನಾನು ದರ್ಜಿ. ಈ ಕಾಲು ಮುರಿದದ್ದು ಒಬ್ಬಳು ಹುಡುಗಿಯನ್ನ ನೋಡೋಕೆ ಗೋಡೆ ಹತ್ತಿ. ಮಿಲಿಟರಿಯಲ್ಲಿದ್ದದ್ದು ಆ ಹುಡುಗಿ. ನಮ್ಮ ಮನೆಯವರು. ಅಲ್ಲಿ ಹಿಂದೆ ಕೂತಿದ್ದಾರೆ.”

ಸಭೆ ಗೊಳ್ಳೆಂದು ನಕ್ಕಿತು. “ಯಜಮಾನ್ರು ತಮಾಷೆಗಾರರು” ಎಂದು ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಇನ್ನೂ ಜೀರ್ಣವಾಗಿಲ್ಲ.

ಅಮ್ಮ ಎದ್ದಳು. ಯಾರ ಅಪ್ಪಣೆಗೂ ಕಾಯಲಿಲ್ಲ. ನಡೆದುಹೋಗಿ ಅಪ್ಪನ ಕೈಯಿಂದ ಹೂವು ತೆಗೆದುಕೊಂಡು ಕಲ್ಲಿನ ಬುಡದಲ್ಲಿಟ್ಟಳು. ಸೆಟೆದು ನಿಂತು ಸೆಲ್ಯೂಟಿಗೆ ಕೈಯೆತ್ತಿದಳು. ಕೈ ಎದೆಯ ಹತ್ತಿರ ಬಂದು ನಿಂತಿತು. ಅಧ್ಯಕ್ಷರು ಫೋಟೋದವನ ಕಡೆ ಒಮ್ಮೆ ನೋಡಿ, ಚಿಕ್ಕ ಮಗುವಿಗೆ ಹೇಳಿಕೊಡುವ ಹಾಗೆ, “ಹಾಗಲ್ಲಮ್ಮ, ಇನ್ನೂ ಮೇಲೆ” ಎಂದು ಅವಳ ಮೊಣಕೈ ಹಿಡಿದು ಎತ್ತಿದರು. ನೋವಿಗೆ ಅಮ್ಮನ ಮುಖ ಬಿಳುಚಿಕೊಂಡಿತು.

ಅಪ್ಪ ಕೋಲಿನಿಂದ ಅವರ ಕೈಯನ್ನು ಸರಿಸಿದ. “ಬಿಡ್ರಿ ಕೈ. ಅದು ಅಷ್ಟೇ ಏಳೋದು. ಇಷ್ಟು ವರ್ಷದಿಂದ ಆ ತೋಳಿಗೆ ಬಟ್ಟೆ ಹೊಲಿತಿದ್ದೀನಿ, ನನಗೆ ಗೊತ್ತಿಲ್ವಾ?”

ಮೈಕು ಪಕ್ಕದಲ್ಲೇ ಇದ್ದದ್ದರಿಂದ ಎಲ್ಲರಿಗೂ ಕೇಳಿಸಿತು. ಈ ಸಲ ಯಾರೂ ನಗಲಿಲ್ಲ. ಅಮ್ಮ ಕೈಯನ್ನು ಮತ್ತೆ ತನ್ನ ಮಟ್ಟಕ್ಕೆ ತಂದು, ಕೆಳಗಿನ ಚಿಕ್ಕ ಅಕ್ಷರಗಳನ್ನು ನೋಡುತ್ತಾ ತನಗೆ ಬೇಕಾದಷ್ಟು ಹೊತ್ತು ನಿಂತಳು.

ಒಬ್ಬ ಸ್ವಯಂಸೇವಕ ಕುರ್ಚಿ ಹೊತ್ತು ಓಡಿ ಬಂದ. ಬಂದದ್ದು ಅಪ್ಪನ ಬಳಿಗೆ. “ಕೂತ್ಕೊಳ್ಳಿ ಸರ್, ಕಾಲು ನೋಯುತ್ತೆ.” ಇಷ್ಟೆಲ್ಲ ಕೇಳಿದ ಮೇಲೂ.

ಅಪ್ಪ ಕುರ್ಚಿಯನ್ನು ಎಳೆದು ಅಮ್ಮನ ಹಿಂದಿಟ್ಟ.

“ನಿಮ್ಮ ಕಾಲು?” ಎಂದಳು ಅಮ್ಮ.

“ನೋಯ್ಲಿ. ನೀನು ಕೂತ್ಕೋ.”

ಅಮ್ಮ ಕೂತಳು. ಸಭೆ ಮುಗಿಯುವವರೆಗೂ ಅಪ್ಪ ಅವಳ ಪಕ್ಕದಲ್ಲಿ ಆ ಕಾಲಿನ ಮೇಲೆಯೇ ನಿಂತಿದ್ದ.