ಅತ್ತಿಗೆಯ ಮೈಯ ಕಾವು

ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುವಾಗ ನಮ್ಮ ಮನೆಯಲ್ಲಿ ಅತ್ತಿಗೆಗೂ ಒಂದು ಎಲೆ ಹಾಕುತ್ತಾರೆ. ಮುದ್ದೆ, ಹುರುಳಿ ಸಾರು, ಕೋಳಿ, ವಡೆ, ಕಜ್ಜಾಯ, ಎಲೆಯಲ್ಲಿ ಜಾಗವೇ ಇಲ್ಲದಷ್ಟು. ಬದುಕಿದ್ದಾಗ ಇದರಲ್ಲಿ ಕಾಲು ಭಾಗ ಬಡಿಸಿದ್ದರೂ ಇನ್ನಷ್ಟು ವರ್ಷ ಇರುತ್ತಿದ್ದಳು ಎಂದು ನಾನೊಮ್ಮೆ ಬಾಯಿಬಿಟ್ಟು ಅಂದೆ. ಎಲ್ಲರೂ ದುರುಗುಟ್ಟಿಕೊಂಡು ನೋಡಿದರು. ನೋಡಲಿ. ಅವಳ ಹೊಟ್ಟೆ ಕಟ್ಟಿ ಸಾಯಿಸಿದ್ದು ನಾವು, ಅದರಲ್ಲಿ ನನ್ನ ಪಾಲೇ ದೊಡ್ಡದು.

ಅದು ಅರವತ್ತರ ದಶಕ. ಜಯನಗರ ಬಡಾವಣೆಗೆ ನಮ್ಮ ಹೊಲ ಹೋಗಿ, ಯಡಿಯೂರು ಕೆರೆಯ ಕಡೆ ಒಂದು ಮನೆ, ಕೊಟ್ಟಿಗೆ, ನಾಲ್ಕು ಹಸು ಉಳಿದಿದ್ದವು. ಅಪ್ಪ ಇರಲಿಲ್ಲ. ಅಣ್ಣ ಹೊಸ ಬಡಾವಣೆಯ ಮನೆಗಳಿಗೆ ಹಾಲು ಹಾಕುತ್ತಿದ್ದ. ನಾನು ಬಿ.ಎಸ್ಸಿ. ಸೇರಿದ್ದೆ, ನಮ್ಮ ಕಡೆಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ ಎಂಬ ಜಂಬ ಮೈತುಂಬ ಇತ್ತು. ಅಣ್ಣನಿಗೆ ಬೇಗೂರಿನಿಂದ ಹೆಣ್ಣು ತಂದಿದ್ದೆವು.

ಬಂದ ಹೊಸದರಲ್ಲೇ ಅತ್ತಿಗೆಯ ಊಟ ಕಣ್ಣಿಗೆ ಬಿತ್ತು. ಅಣ್ಣ ಎರಡು ಮುದ್ದೆ ಉಂಡರೆ ಅವಳಿಗೆ ಮೂರು ಬೇಕು. ಉಂಡ ಎರಡೇ ಗಂಟೆಯಲ್ಲಿ ಮತ್ತೆ ಹಸಿವು. ಹಾಗಂತ ಮೈಯಲ್ಲಿ ಹಿಡಿ ಮಾಂಸವಿಲ್ಲ. ಪುಷ್ಯ ಮಾಸದ ಬೆಳಗಿನಲ್ಲಿ ನಾವು ಕಂಬಳಿ ಹೊದ್ದು ಒಲೆ ಮುಂದೆ ಕೂತರೆ, ಅವಳು ರವಿಕೆ ಒದ್ದೆ ಮಾಡಿಕೊಂಡು ಹಿತ್ತಲ ಚಪ್ಪಡಿಗೆ ಬೆನ್ನು ಒತ್ತಿ ಕೂತಿರುತ್ತಿದ್ದಳು. ಅವಳ ಕೈ ಮುಟ್ಟಿದರೆ ಜ್ವರ ಬಂದವರ ಕೈಯಂತೆ ಬಿಸಿ.

"ತಿಂದಿದ್ದೆಲ್ಲ ಎಲ್ಲೋಯ್ತದೆ ಇವಳಿಗೆ?" ಎಂದು ಅವ್ವ ಅವಳೆದುರಿಗೇ ಕೇಳುತ್ತಿದ್ದಳು. "ಹೊಟ್ಟೇಲಿ ಮಗೂನೂ ಇಲ್ಲ, ಮೈಮ್ಯಾಲೆ ಮಾಂಸಾನೂ ಇಲ್ಲ."

"ಅವ್ವ, ಹಸಿವಾಯ್ತದೆ, ನಾನೇನ್ ಮಾಡ್ಲಿ," ಎನ್ನುತ್ತಿದ್ದಳು ಅತ್ತಿಗೆ. ನಾನು ನಗುತ್ತಿದ್ದೆ.

ವರ್ಷ ಕಳೆದರೂ ಬಸಿರಾಗಲಿಲ್ಲ. ಅವ್ವ ಅವಳನ್ನು ಬನಶಂಕರಿ ಕಡೆಯ ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ನಾಡಿ ಹಿಡಿದು, ಮೈಯಲ್ಲಿ ಉಷ್ಣ ಮಿತಿಮೀರಿದೆ, ಈ ಕಾವಿಗೆ ಗರ್ಭ ನಿಲ್ಲುವುದಿಲ್ಲ ಎಂದರಂತೆ. ನಮ್ಮಲ್ಲಿ ಯಾವ ಕಾಯಿಲೆಗಾದರೂ ಉಷ್ಣವೋ ಶೀತವೋ ಎಂದು ಮೊದಲು ಗೊತ್ತಾಗಬೇಕು. ಗೊತ್ತಾದರೆ ಪಥ್ಯ ತಾನಾಗಿ ಗೊತ್ತಾಗುತ್ತದೆ. ಉಷ್ಣಕ್ಕೆ ಹುರುಳಿ, ಬೆಲ್ಲ, ಎಳ್ಳು, ಕಡ್ಲೆಕಾಯಿ, ಮೊಟ್ಟೆ, ಮಾಂಸ ಎಲ್ಲ ವರ್ಜ್ಯ. ಮುದ್ದೆಯ ಬದಲು ತೆಳ್ಳನೆ ರಾಗಿ ಅಂಬಲಿ, ಮಜ್ಜಿಗೆ, ಸೌತೆಕಾಯಿ. ನೆತ್ತಿಗೆ ಹರಳೆಣ್ಣೆ.

"ಒಲೆಯಿಂದ ಸೌದೆ ಎಳುದ್ರೆ ಉರಿ ತಾನಾಗೇ ಇಳೀತದೆ," ಅಂದಳು ಅವ್ವ. ಮಾತು ಎಷ್ಟು ಸರಿಯಾಗಿ ಕೇಳಿಸಿತೆಂದರೆ ಅಣ್ಣನೂ ತಲೆಯಾಡಿಸಿದ, ನಾನೂ ಆಡಿಸಿದೆ. ಅತ್ತಿಗೆ ಕೂಡ ಆಡಿಸಿದಳು. ಮಗು ಬೇಕಿತ್ತಲ್ಲ ಅವಳಿಗೆ.

ಎರಡು ಹೊತ್ತು ಒಂದೊಂದು ಬಟ್ಟಲು ಅಂಬಲಿ. ಎರಡು ತಿಂಗಳಲ್ಲಿ ಬಳೆಗಳು ಮೊಣಕೈವರೆಗೆ ಸರಿದಾಡತೊಡಗಿದವು. ಕಾವು ಮಾತ್ರ ಇಳಿಯಲಿಲ್ಲ, ಬೆವರೂ ನಿಲ್ಲಲಿಲ್ಲ. ಸೌದೆ ಎಳೆದರೂ ಉರಿ ಇಳಿಯದಿದ್ದರೆ ಏನರ್ಥ? ಯಾರೋ ಕದ್ದು ಸೌದೆ ಒಡ್ಡುತ್ತಿದ್ದಾರೆ. ಅವ್ವನ ಲೆಕ್ಕ ಇದು. "ಕದ್ದು ತಿಂತಾವ್ಳೆ. ನೀನ್ ಓದಿದೋಳು, ಕಣ್ಣಿಟ್ಟಿರು," ಎಂದು ಅಡುಗೆಮನೆಯ ಕಾವಲು ನನಗೆ ಕೊಟ್ಟಳು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಯಿತು. ಪುಸ್ತಕ ಹಿಡಿದು ಹೊಸ್ತಿಲ ಮೇಲೆ ಕೂತೆ.

ಒಂದು ಮಧ್ಯಾಹ್ನ ಹಸು ಒಂದೇ ಸಮನೆ ಕೂಗುತ್ತಿದೆಯೆಂದು ಕೊಟ್ಟಿಗೆಗೆ ಹೋದೆ. ಅತ್ತಿಗೆ ಬಾನಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಸುವಿಗೆ ನೆನೆಹಾಕಿದ ಕಡ್ಲೆಕಾಯಿ ಹಿಂಡಿಯನ್ನು ಹಿಡಿಹಿಡಿಯಾಗಿ ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಅಗಿಯುವುದನ್ನು ನಿಲ್ಲಿಸಿದಳು.

"ಯೋಳಬ್ಯಾಡ ಕಣವ್ವ," ಅಂದಳು. "ನಿನ್ ದಮ್ಮಯ್ಯ."

ಹೇಳಿದೆ. ಓಡಿಹೋಗಿ ಹೇಳಿದೆ. ಅವ್ವ ಬಯ್ಯಲೂ ಇಲ್ಲ. ಅಂದಿನಿಂದ ಅಂಬಲಿಯ ಬಟ್ಟಲನ್ನು ಕೊಟ್ಟಿಗೆಯಲ್ಲೇ ಇಡತೊಡಗಿದಳು. "ದನದ ಬುದ್ಧಿಗೆ ದನದ ಜಾಗಾನೇ ಸರಿ," ಅಂದಳು. ಹಾಲಿಗೆ ಬಂದ ಬಡಾವಣೆಯ ಹೆಂಗಸರು ಬಗ್ಗಿ ಬಗ್ಗಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಣ್ಣ ಅವಳ ಜೊತೆ ಮಾತು ಬಿಟ್ಟ. ನನಗೆ ಮಾತ್ರ ಒಂದು ಫೌಂಟನ್ ಪೆನ್ನು ತಂದುಕೊಟ್ಟ.

ಆ ಪೆನ್ನಿನಲ್ಲೇ ನಾನು ಮುಂದಿನ ಸೋಮವಾರ ಕಾಲೇಜಿನಲ್ಲಿ ಮೈಟೋಕಾಂಡ್ರಿಯದ ಪಾಠ ಬರೆದುಕೊಂಡೆ. ಜೀವಕೋಶಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳಿನಂಥವು ಇರುತ್ತವೆ, ನಾವು ಉಂಡ ಅನ್ನ, ಎಳೆದ ಉಸಿರು ಎರಡೂ ಕೊನೆಗೆ ಅಲ್ಲಿ ಸೇರುತ್ತವೆ ಎಂದು ಮೇಡಂ ಹೇಳಿದರು. ಅಲ್ಲಿ ಅನ್ನ ಒಮ್ಮೆಗೇ ಭಗ್ಗನೆ ಉರಿಯುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕರಗುತ್ತದೆ, ಹಾಗೆ ಬಿಡುಗಡೆಯಾದ ಶಕ್ತಿಯಲ್ಲಿ ಒಂದಿಷ್ಟನ್ನು ಆ ಕಾಳುಗಳು ಎಟಿಪಿ ಎಂಬ ವಸ್ತುವಿನಲ್ಲಿ ಕಟ್ಟಿಡುತ್ತವೆ. ಕೈ ಎತ್ತಲು, ಎದೆ ಬಡಿಯಲು ಆ ಗಂಟೇ ಬೇಕು. ಕಟ್ಟಲು ಸಿಗದೆ ಸೋರಿಹೋದದ್ದು ಕಾವು, ನಮ್ಮ ಮೈ ಬೆಚ್ಚಗಿರುವುದು ಅದರಿಂದ. ಎಲ್ಲೋ ಕೆಲವರಲ್ಲಿ ಕಟ್ಟುವ ಕೆಲಸ ಕೆಟ್ಟು, ಅಥವಾ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ವಿಪರೀತ ಜೋರಾಗಿ, ಉರಿ ಮಾತ್ರ ಹೆಚ್ಚುತ್ತದೆ. ಅಂಥವರು ಎಷ್ಟು ಉಂಡರೂ ಸಾಲದು, ಬೆವರುತ್ತಾರೆ, ಸೊರಗುತ್ತಾರೆ.

ಪೆನ್ನು ಕೆಳಗಿಟ್ಟೆ. ಎದ್ದು ಕೇಳಿದೆ. "ಊಟ ಕಮ್ಮಿ ಮಾಡಿದ್ರೆ ಆ ಕಾವು ಇಳಿಯಲ್ವಾ ಮೇಡಂ?"

"ಇಳಿಯಲ್ಲಮ್ಮ. ಹೊರಗಿನ ಸೌದೆ ನಿಲ್ಲಿಸಿದ್ರೆ ಮನೆಯ ಜಂತೆಯನ್ನೇ ಎಳೆದು ಉರಿಸುತ್ತೆ. ಮೊದಲು ಕೊಬ್ಬು, ಆಮೇಲೆ ಮಾಂಸಖಂಡ. ಹೃದಯಾನೂ ಮಾಂಸಖಂಡವೇ ಅಲ್ವಾ. ಅಂಥವರಿಗೆ ಜಾಸ್ತಿ ಊಟ ಕೊಟ್ಟು, ತಕ್ಷಣ ಆಸ್ಪತ್ರೆಗೆ ತೋರಿಸ್ಬೇಕು."

ಅತ್ತಿಗೆಗೆ ಇದ್ದದ್ದು ಇದೇನಾ ಎಂದು ಇವತ್ತಿಗೂ ನಾನು ಆಣೆ ಮಾಡಲಾರೆ. ಯಾವ ಡಾಕ್ಟರೂ ಅವಳ ಮೈ ಮುಟ್ಟಿ ನೋಡಲಿಲ್ಲ. ಆದರೆ ಆ ಸೋಮವಾರ ನನಗೆ ಅನುಮಾನವಿರಲಿಲ್ಲ. ಮನೆಗೆ ಹೋದ ಕೂಡಲೇ ಹೇಳಬೇಕೆಂದುಕೊಂಡೆ. ಹೋದೆ, ಕೈಕಾಲು ತೊಳೆದೆ, ಬಿಸಿ ಮುದ್ದೆ ಉಂಡೆ. ಅವ್ವನ ಮುಖ ನೋಡಿದರೆ ಬಾಯಿ ಬರಲಿಲ್ಲ. ಹೇಳಿದರೆ, ಓಡಿಬಂದು ನಾನು ಹೇಳಿದ ಚಾಡಿಯೇ ತಪ್ಪೆಂದು ಆಗುತ್ತದೆ. ಓದಿದವಳು, ಕಣ್ಣಿಟ್ಟವಳು, ತಪ್ಪು ಮಾಡಿದವಳು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮಂಗಳವಾರವೂ ಹಾಗೇ ಅಂದುಕೊಂಡೆ. ಬುಧವಾರ ಅವಳು ಹಾಲಿನ ಬಿಂದಿಗೆ ಎತ್ತಲಾರದೆ ಕೊಟ್ಟಿಗೆಯಲ್ಲೇ ಕೂತುಬಿಟ್ಟಳು. ಇಂಥವಳನ್ನು ಇಟ್ಟುಕೊಂಡು ಏನು ಮಾಡುವುದೆಂದು ಅಣ್ಣ ಬೇಗೂರಿಗೆ ಹೇಳಿಕಳುಹಿಸಿದ.

ಶುಕ್ರವಾರ ಅವಳ ಅಣ್ಣ ಬಂದು ಒಂದು ಗಂಟು ಹೆಗಲಿಗೇರಿಸಿಕೊಂಡ. ನಮ್ಮವರು ಯಾರೂ ಬಾಗಿಲಿಗೆ ಬರಲಿಲ್ಲ, ಕಾಲೇಜಿಗೆ ಹೊರಟಿದ್ದ ನಾನೇ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದೆ. ಹತ್ತು ಹೆಜ್ಜೆಗೊಮ್ಮೆ ಅತ್ತಿಗೆ ನಿಲ್ಲುತ್ತಿದ್ದಳು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬಸ್ಸು ಬರುವ ಹೊತ್ತಿಗೆ ಅವಳು ನಾನು ಎದೆಗೆ ಒತ್ತಿಕೊಂಡಿದ್ದ ಪುಸ್ತಕಗಳನ್ನು ನೋಡಿದಳು.

"ಮೈಯೊಳಗಿನ ಇಚಾರ ಎಲ್ಲ ಓದ್ತೀಯಂತಲ್ಲವ್ವ," ಅಂದಳು. "ನಂಗಾಗಿರೋದು ಏನು ಅಂತ ಅದ್ರಾಗೆ ಬರ್ದೈತಾ?"

ಅವಳ ಅಣ್ಣನೂ ಗಂಟು ಕೆಳಗಿಳಿಸಿ ನನ್ನ ಕಡೆ ತಿರುಗಿದ. ನಾನು ಏನು ಹೇಳಿದರೂ ಅವನು ನಂಬುತ್ತಿದ್ದ. ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದಿದ್ದರೆ ಅದೇ ಬಸ್ಸಿನಲ್ಲಿ ಹೋಗುತ್ತಿದ್ದ.

"ಇಲ್ಲ ಅತ್ತಿಗೆ," ಎಂದೆ. "ಅಂಥದ್ದೇನೂ ಬರೆದಿಲ್ಲ. ಅವ್ವ ಹೇಳಿದ ಪಥ್ಯಾನೇ ಮಾಡಿ."

ಮಾಡಿದಳಂತೆ. ತವರಿನವರು ಮುದ್ದೆ ಮುರಿದು ಬಾಯಿಗೆ ಹಿಡಿದರೂ, ನಮ್ಮ ನಾದಿನಿ ಓದಿದವಳು, ಅವಳೇ ಬೇಡ ಅಂದವ್ಳೆ ಎಂದು ತಲೆಯಲ್ಲಾಡಿಸುತ್ತಿದ್ದಳಂತೆ.